ಮುಂಗೈಯಲ್ಲಿ ಹರಿದ ಸಮುದ್ರ

"ವೋ ಮೌಸಮ್ ವಾಲೀ ಮೇಡಂ... ಆಪ್ ಹೀ ಹೈ ನಾ?"

ಅಂಧೇರಿಯ ಸುದ್ದಿ ವಾಹಿನಿಯ ಗೇಟಿನ ಮುಂದೆ ರಿಕ್ಷಾದಿಂದ ಇಳಿದ ಶಿವಕುಮಾರಿ ತಿರುಗಿ ನೋಡಿದಳು.

ಎದುರಿಗೆ ಮೂವತ್ತರ ಆಸುಪಾಸಿನ ಒಬ್ಬ ಗಂಡಸು. ಅಂಗಿಯ ತುಂಬ ಸಿಮೆಂಟಿನ ಚುಕ್ಕೆಗಳು, ಕಂಕುಳಲ್ಲಿ ಹಳದಿ ಹೆಲ್ಮೆಟ್ಟು, ಕಣ್ಣಲ್ಲಿ ಕೆಂಡ.

ಸಂಜೆ ಏಳರ ಸುದ್ದಿಯ ಕೊನೆಗೆ ಮೂರು ನಿಮಿಷ ನಿಂತು ಇಡೀ ಮುಂಬೈಗೆ ಮಳೆ ಬಿಸಿಲು ಹೇಳುವವಳು ಅವಳು. ಜನ ಗುರುತು ಹಿಡಿದು ಮಾತಾಡಿಸುವುದು ಹೊಸದೇನಲ್ಲ. ಕೆಲವರು ಸೆಲ್ಫಿ ಕೇಳುತ್ತಾರೆ, ಕೆಲವರು ಮಗಳ ಮದುವೆ ದಿನ ಮಳೆ ಬರುತ್ತದೆಯೇ ಎಂದು ಕೇಳುತ್ತಾರೆ. ಈತ ಎರಡನ್ನೂ ಕೇಳುವವನ ಹಾಗೆ ಕಾಣಲಿಲ್ಲ.

"ಜೀ, ಮೈ ಹೀ ಹೂಂ," ಎಂದಳು.

ಅವನು ಬಾಯಿ ತೆರೆದ. ಆದರೆ ಸಿಟ್ಟು ಬಂದ ವೇಗಕ್ಕೆ ಹಿಂದಿ ಬರಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ ತನ್ನಷ್ಟಕ್ಕೇ ಗೊಣಗಿದ.

"ಹಲ್ಲು ಕಿಸಕೋತ ಮಳಿ ಬರ್ತದ ಅಂತಾರ. ಇಲ್ಲಿ ನೋಡಿದ್ರ ಬಿಸಿಲಿಗಿ ಬೆನ್ನು ಸುಡ್ಲಾಕತ್ತದ."

ಶಿವಕುಮಾರಿಯ ಹುಬ್ಬು ಮೇಲೇರಿತು.

"ನಾ ಹಲ್ಲು ಕಿಸದಿಲ್ರಿ. ಎಪ್ಪತ್ತು ಪರ್ಸೆಂಟ್ ಅಂದಿದ್ದೆ."

ಕಂಕುಳಲ್ಲಿದ್ದ ಹೆಲ್ಮೆಟ್ಟು ಕೆಳಗೆ ಬಿದ್ದು ಗೇಟಿನವರೆಗೂ ಉರುಳಿತು. ಅಂಧೇರಿಯಲ್ಲಿ, ಅದೂ ಟಿವಿಯೊಳಗಿನ ಹೆಣ್ಣುಮಗಳ ಬಾಯಲ್ಲಿ, ತನ್ನ ಜೇವರ್ಗಿ ಕಡೆಯ ಮಾತು ಕೇಳುತ್ತೇನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಆದರೂ ಬಂದ ಕೆಲಸ ಬಿಡುವ ಆಸಾಮಿಯಲ್ಲ. ಹೆಲ್ಮೆಟ್ಟು ಎತ್ತಿಕೊಂಡು ಬಂದು ಎದುರಿಗೇ ನಿಂತ.

"ನಿಮ್ಮ ಮಾತು ಕೇಳಿ ನಮ್ಮ ಇಂಜಿನಿಯರ್ ಸ್ಲ್ಯಾಬ್ ಕ್ಯಾನ್ಸಲ್ ಮಾಡ್ದ. ನಾಕಾದಾಗ ಮುಂಜಾನಿಂದ ನಿಂತಿದ್ದ ನಲವತ್ತು ಮಂದಿ ಹಂಗ ಖೋಲಿಗಿ ಹೋದ್ರು. ಎಪ್ಪತ್ತು ಪರ್ಸೆಂಟ್ ಅಂದ್ರ ಏನಂತ ನಾ ಅವರಿಗಿ ಹ್ಯಾಂಗ ತಿಳಿಸಿ ಹೇಳ್ಲಿ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಮಳೆ ತಪ್ಪಿದರೆ ಬೈಗುಳ ಇವಳಿಗೆ. ಬೇರೆ ದಿನವಾಗಿದ್ದರೆ ಶಿವಕುಮಾರಿ ಬುಡ ಸಮೇತ ಉತ್ತರ ಕೊಡುತ್ತಿದ್ದಳು. ಆದರೆ ನಾಕಾ ಎಂಬ ಮಾತು ಅವಳ ಬಾಯಿ ಕಟ್ಟಿಹಾಕಿತು.

ಅವಳ ಅಪ್ಪ ಸಾಯಬಣ್ಣ ಇಪ್ಪತ್ತೆರಡು ವರ್ಷ ಗೋರೆಗಾಂವ್‌ನ ಕೂಲಿ ನಾಕಾದಲ್ಲಿ, ಆಳು ಹುಡುಕಿ ಬರುವವರನ್ನು ಕಾಯುತ್ತ ನಿಂತವನು. ಸೆಂಟ್ರಿಂಗ್ ಕೆಲಸ ಅವನದು. ಬೆಳಗ್ಗೆ ಚಾಳಿನ ಬಾಗಿಲಲ್ಲಿ ನಿಂತು ಆಕಾಶ ನೋಡುವುದು, ಆಮೇಲೆ ಚಹಾ. ಮಳೆ ಬಂದರೆ ಆ ದಿನ ಕೆಲಸವಿಲ್ಲ, ಅಪ್ಪ ಹೊಸ್ತಿಲ ಮೇಲೆ ಕೂತು ಬೀಡಿ ಸುಡುತ್ತಿದ್ದ. ಆ ಆಕಾಶದಲ್ಲಿ ಅಪ್ಪ ಏನು ಹುಡುಕುತ್ತಾನೆಂದು ತಿಳಿಯಲಿಕ್ಕೇ ಅವಳು ಹವಾಮಾನ ಓದಿದ್ದು.

"ಇಲ್ಲಿ ಕೇಳ್ರಿ," ಎಂದಳು, ದನಿ ತಗ್ಗಿಸಿ. "ಹತ್ತು ಸಲ ಇಂಥದ ಮೋಡ ಕಟ್ಟಿದ್ರ ಏಳು ಸಲ ಮಳಿ ಬರ್ತದ. ಮೂರು ಸಲ ಬರಂಗಿಲ್ಲ. ಇವತ್ತಿಂದು ಆ ಮೂರರಾಗಿಂದು."

ಅವನು ಹೆಲ್ಮೆಟ್ಟನ್ನು ತಲೆಗೇರಿಸಿಕೊಂಡ.

"ಹಂಗಾದ್ರ ಅದನ್ನ ಹಂಗ ಹೇಳ್ರಲ್ಲ ಟಿವಿದಾಗ," ಎಂದು ಹೇಳಿ ಹೊರಟೇಹೋದ.

ಮರುಸಂಜೆ ಶಿವಕುಮಾರಿ ಹಾಗೆಯೇ ಹೇಳಿದಳು. ಹತ್ತು ಸಲ ಇಂಥ ಮೋಡ ಬಂದರೆ ನಾಲ್ಕು ಸಲ ಮಳೆ. ಸುದ್ದಿಯ ಉಸ್ತುವಾರಿ ನೋಡುವ ಹರಿಣಿ, ಮೂಲ್ಕಿ ಕಡೆಯ ಹೆಂಗಸು, ಹೊಗಳಿಕೆಯಲ್ಲಿ ಬಹಳ ಜುಗ್ಗಿ. ಅವಳೇ ಬಂದು ಬೆನ್ನು ತಟ್ಟಿದಳು.

"ಇದು ಒಳ್ಳೆದುಂಟು ಮಾರಾಯ್ತಿ. ಯಾರು ಹೇಳಿಕೊಟ್ಟದ್ದು?"

ಶಿವಕುಮಾರಿಗೆ ಆಗ ನೆನಪಾಯಿತು, ಹೇಳಿಕೊಟ್ಟವನ ಹೆಸರೇ ತಾನು ಕೇಳಿಲ್ಲ ಎಂದು.

ಹೆಸರು ವಾರದ ಮೇಲೆ ತಾನಾಗಿ ಬಂತು, ಅದೇ ಗೇಟಿಗೆ, ತೊಳೆದ ಅಂಗಿ ತೊಟ್ಟು. ದೇವಾನಂದ. ಗೋರೆಗಾಂವ್‌ನಲ್ಲಿ ಏಳುತ್ತಿರುವ ದೊಡ್ಡ ಬಿಲ್ಡಿಂಗಿಗೆ ಆಳು ಕೂಡಿಸಿ ಕೆಲಸ ಮಾಡಿಸುವ ಮುಕಾದಮ. ತಂದೆ ಇಲ್ಲ. ತಾಯಿ ಗುರುಬಾಯಿ.

"ನಮ್ಮ ಮಂದಿಗಿ ಈಗ ತಿಳಿಲಾಕತ್ತದ್ರಿ," ಎಂದ, ನೆಲ ನೋಡುತ್ತ. "ಆವತ್ತು ನಾ ಜರಾ ಜಾಸ್ತಿ ಮಾತಾಡ್ದೆ."

"ಜರಾ ಅಲ್ಲ, ಭಾಳ," ಎಂದಳು ಅವಳು. ಇಬ್ಬರೂ ನಕ್ಕರು.

ಆಮೇಲೆ ದಿನಾ ಸಂಜೆ ಆರಕ್ಕೆ ಅವನ ಫೋನು. "ನಾಳಿ ಎಷ್ಟು?" ಎಂದು ಅವನು ಕೇಳುತ್ತಿದ್ದ. "ಹತ್ತರಾಗ ಎರಡು," ಎಂದೋ "ಹತ್ತರಾಗ ಎಂಟು, ಸ್ಲ್ಯಾಬ್ ಹಾಕಬ್ಯಾಡ್ರಿ," ಎಂದೋ ಅವಳು ಹೇಳುತ್ತಿದ್ದಳು. ಅಷ್ಟೇ. ಮಳೆಗಾಲ ಮುಗಿಯುವವರೆಗೂ ಅಷ್ಟೇ.

ಅಕ್ಟೋಬರ್‌ನಲ್ಲಿ ಮಳೆ ಹೋಯಿತು. ಫೋನು ಹೋಗಲಿಲ್ಲ.

ಡಿಸೆಂಬರ್‌ನ ಒಂದು ಸಂಜೆ ಶಿವಕುಮಾರಿ ತಡೆಯಲಾರದೆ ಕೇಳಿಯೇಬಿಟ್ಟಳು. "ಈ ತಿಂಗಳದಾಗ ಮುಂಬೈಗಿ ಮಳಿ ಬರಂಗಿಲ್ರಿ."

"ಗೊತ್ತದ."

"ಮತ್ತ ದಿನಾ ಫೋನ್ ಯಾಕ?"

ಆ ಕಡೆ ಕಾಂಕ್ರೀಟ್ ಮಿಕ್ಸರ್ ತಿರುಗುವ ಸದ್ದು. ಅದು ನಿಲ್ಲುವವರೆಗೆ ಅವನು ಕಾದ.

"ಹತ್ತರಾಗ ಸೊನ್ನಿ ಅಂತ ನಿಮ್ಮ ಬಾಯಿಲೆ ಕೇಳ್ಲಾಕ," ಎಂದ.

ಆ ಸಂಜೆ ಹವಾಮಾನ ಹೇಳುವಾಗ ಅವಳು ನಾಸಿಕದ ಚಳಿಯನ್ನು ನಾಗಪುರಕ್ಕೆ ಕೊಟ್ಟು, ಹರಿಣಿಯಿಂದ ಬೈಸಿಕೊಂಡಳು. ಬೈಗುಳ ಒಂದೂ ಕಿವಿಗೆ ಬೀಳಲಿಲ್ಲ.

ಎರಡೂ ಮನೆಯವರು ಒಪ್ಪಿದರು. ಜೂನ್‌ನಲ್ಲಿ ನಿಶ್ಚಯ, ಆಷಾಢ ಕಳೆದ ಮೇಲೆ ಮದುವೆ ಎಂದಾಯಿತು.

ನಿಶ್ಚಯದ ಭಾನುವಾರ ಚಾಳಿನ ಶಿವಕುಮಾರಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಳೆಗಾರ ಹಸಿರು ಗಾಜಿನ ಬಳೆಗಳ ಸರ ಬಿಚ್ಚಿದ. ನಿಶ್ಚಯದ ದಿನ ತೊಟ್ಟ ಹಸಿರು ಬಳೆ ಮದುವೆಯವರೆಗೂ ಕೈಬಿಡಬಾರದು. ಬಿಡಿಸಿಕೊಂಡರೆ ಸಂಬಂಧ ಬಿಟ್ಟಂತೆ. ಇದು ಅವರ ಕಡೆಯ ಕೂಸಿಗೂ ಗೊತ್ತು.

ಮೊದಲ ಬಳೆ ಇಡಲು ಮುತ್ತೈದೆಯರು ಮುಂದೆ ಬಂದರು. ಶಿವಕುಮಾರಿಯ ಕಣ್ಣು ಬಾಗಿಲ ಹಿಂದೆ ಹೋಯಿತು. ಅಲ್ಲಿ ಗುರುಬಾಯಿ ನಿಂತಿದ್ದಳು, ಬರಿಗೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು. ಗಂಡ ಹೋಗಿ ಹತ್ತೊಂಬತ್ತು ವರ್ಷ. ಅಂದಿನಿಂದ ಯಾರ ಮನೆಯ ಶುಭಕಾರ್ಯದಲ್ಲೂ ಅವಳು ಬಾಗಿಲು ದಾಟಿ ಒಳಗೆ ಬಂದವಳಲ್ಲ.

"ಮೊದಲನೇ ಬಳಿ ಅತ್ತಿ ಇಡಲಿ," ಎಂದಳು ಶಿವಕುಮಾರಿ.

ಬಳೆಗಾರನ ಕೈ ಸರದ ಮೇಲೇ ನಿಂತಿತು.

"ಬ್ಯಾಡ ತಂಗಿ," ಎಂದಳು ಗುರುಬಾಯಿ. "ನನ್ನ ಕೈ ತಾಗಬಾರದು."

"ನಿಮ್ಮ ಕೈಲೆ ಇಟ್ರ ಇಡಸ್ಕೋತೀನಿ. ಇಲ್ಲಂದ್ರ ಹಿಂಗ ಕುಂಡರ್ತೀನಿ."

ಹಟಮಾರಿ ಎಂದರೆ ಹಟಮಾರಿ. ಕೊನೆಗೆ ಗುರುಬಾಯಿ ಬಂದು ಕೂತಳು. ಸರದಿಂದ ಒಂದು ಬಳೆ ಬಿಡಿಸಿಕೊಂಡಳು. ಅದು ಸೊಸೆಯ ಮುಂಗೈ ಸೇರಿದಾಗ ಅತ್ತವಳು ಗುರುಬಾಯಿಯೊಬ್ಬಳೇ ಅಲ್ಲ. ಗೋಡೆಗೆ ಒರಗಿ ನಿಂತಿದ್ದ ದೇವಾನಂದನೂ ಕಣ್ಣೊಳಗೆ ಧೂಳು ಬಿದ್ದವನ ಹಾಗೆ ಮುಖ ಒರೆಸಿಕೊಂಡ. ಕೈಗೆ ಹನ್ನೊಂದರಂತೆ ಬಳೆ ತುಂಬಿದವು.

ಸೋಮವಾರ ಅವಳಿಗೆ ರಜೆ. ಸಂಜೆ ಆರಕ್ಕೆ ಫೋನು ಬಂತು.

"ನಾಳಿ ಮುಂಜಾನಿ ದೊಡ್ಡ ಸ್ಲ್ಯಾಬ್ ಅದ," ಎಂದ ದೇವಾನಂದ. "ಇವತ್ತೊಂದಿನ ಹತ್ತರಾಗ ಎಷ್ಟು ಅನ್ನೂ ಲೆಕ್ಕ ಬ್ಯಾಡ. ಬರ್ತದೋ ಇಲ್ಲೋ, ಅಷ್ಟ ಹೇಳು."

ಅವಳ ಮುಂದಿದ್ದ ಲ್ಯಾಪ್‌ಟಾಪಿನಲ್ಲಿ ನಾಳೆಯ ನಕ್ಷೆಯಿತ್ತು. ಹತ್ತರಲ್ಲಿ ಎರಡು. ಬಹಳವಲ್ಲ. ಆದರೆ ಸೊನ್ನೆಯೂ ಅಲ್ಲ.

ಕಿಟಕಿಯ ಬೆಳಕಿಗೆ ಬಳೆಗಳು ಹೊಳೆಯುತ್ತಿದ್ದವು. ಜಗತ್ತೇ ಚೆಂದವಾಗಿ ಕಾಣುವ ಹೊತ್ತಿನಲ್ಲಿ ಆ ಎರಡು ಯಾವ ಲೆಕ್ಕ...

"ಬರಂಗಿಲ್ಲ. ಹತ್ತರಾಗ ಸೊನ್ನಿ," ಎಂದುಬಿಟ್ಟಳು.

ಎಂಟು ವರ್ಷ ಓದಿ ಕಲಿತ ವಿದ್ಯೆಯಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಪ್ರೀತಿಯಿಂದ ಹೇಳಿದ್ದು. ಆದರೆ ಮೋಡಕ್ಕೆ ಯಾರ ಪ್ರೀತಿಯೂ ಗೊತ್ತಿರುವುದಿಲ್ಲ.

ಮಂಗಳವಾರ ಹನ್ನೊಂದು ಗಂಟೆಗೆ ಗೋರೆಗಾಂವ್ ಕಪ್ಪಾಯಿತು. ಇಪ್ಪತ್ತೇ ನಿಮಿಷದ ಮಳೆ. ಆಗಷ್ಟೇ ಹಾಕಿದ ಹಸಿ ಕಾಂಕ್ರೀಟಿನ ಸಿಮೆಂಟನ್ನು ಅದು ಗಂಜಿಯ ಹಾಗೆ ಬಸಿದು ಹಾಕಿತು. ಬೆಳಗ್ಗೆ ಇಂಜಿನಿಯರ್ ಬೇಡವೆಂದಿದ್ದ. "ನಮ್ಮಾಕಿ ಹೇಳ್ಯಾಳ, ಬರಂಗಿಲ್ಲ," ಎಂದು ಎದೆ ತಟ್ಟಿ ಹಾಕಿಸಿದವನು ದೇವಾನಂದ.

ಅವನ ಫೋನು ಬಂದಾಗ ಶಿವಕುಮಾರಿ ಕಿಟಕಿಯಲ್ಲೇ ನಿಂತಿದ್ದಳು.

"ಸೊನ್ನಿ ಅಂದಿದ್ದಿ." ದನಿ ಕಲ್ಲಿನಂತಿತ್ತು. "ನಲವತ್ತು ಮಂದಿ ಮುಂದ ನನ್ನ ಮುಖ ಹೋತು. ನಿನ್ನ ಮಾತು ನಂಬಿದ್ದೇ ತಪ್ಪಾತು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಅವಳು ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಕಣ್ಣು ತೊಳೆದುಕೊಂಡು ಅವಳು ಅಂಧೇರಿಗೆ ಹೋದಳು. ಅಲ್ಲಿ ಇನ್ನೊಂದು ಪೀಕಲಾಟ ಕಾದಿತ್ತು.

ಟಿವಿಯಲ್ಲಿ ಅವಳ ಬೆನ್ನ ಹಿಂದೆ ಕಾಣುವ ನಕ್ಷೆ, ಸ್ಟುಡಿಯೋದಲ್ಲಿ ಇರುವುದೇ ಇಲ್ಲ. ಅಲ್ಲಿರುವುದು ಬರೀ ಹಸಿರು ಪರದೆ. ಕಂಪ್ಯೂಟರು ಕಣ್ಣಿಗೆ ಬಿದ್ದ ಹಸಿರನ್ನೆಲ್ಲ ಅಳಿಸಿ ಆ ಜಾಗದಲ್ಲಿ ನಕ್ಷೆ ತುಂಬುತ್ತದೆ. ಅದಕ್ಕೇ ಅವಳು ಕೆಲಸಕ್ಕೆ ಹಸಿರು ಉಟ್ಟವಳಲ್ಲ. ಆ ದಿನ ಮಾತ್ರ, ಅಳುವಿನ ನಡುವೆ, ಬಳೆಯ ಬಣ್ಣ ಮರೆತಿದ್ದಳು.

"ಅಯ್ಯೋ, ಕೈ ಎಲ್ಲಿ ಹೋಯ್ತು ನೋಡು," ಎಂದಳು ಹರಿಣಿ.

ಸ್ಟುಡಿಯೋದ ಟಿವಿಯಲ್ಲಿ ಶಿವಕುಮಾರಿಯ ಅಂಗೈ ಬೇರೆ, ತೋಳು ಬೇರೆ. ನಡುವೆ, ಬಳೆಗಳಿದ್ದ ಜಾಗದಲ್ಲಿ, ಅರಬ್ಬಿ ಸಮುದ್ರದ ನೀಲಿ ಕಾಣುತ್ತಿತ್ತು.

"ತೆಗಿಲಿಕ್ಕೆ ಆಗುದಿಲ್ವಾ?"

"ಇವು ತೆಗಿಯೋ ಬಳಿ ಅಲ್ಲ ಅಕ್ಕಾ. ಮದುವಿ ತನಕ ತೆಗಿಯಂಗಿಲ್ಲ."

ಹರಿಣಿ ಮತ್ತೆ ಕೇಳಲಿಲ್ಲ. ಔಷಧದ ಪೆಟ್ಟಿಗೆಯಿಂದ ಮೈಬಣ್ಣದ ಪಟ್ಟಿ ತಂದು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿದಳು. ಮೇಲೆ ಪೌಡರ್ ಬಳಿದಳು. ದೂರದಿಂದ ನೋಡಿದರೆ ಬರಿಗೈ. ಅಪ್ಪಟ ಬರಿಗೈ.

ಏಳು ಗಂಟೆಗೆ ಗೋರೆಗಾಂವ್‌ನ ಇನ್ನೊಂದು ಚಾಳಿನಲ್ಲಿ ಗುರುಬಾಯಿ ನೆರೆಯ ಹೆಂಗಸರನ್ನು ಕರೆದು ಟಿವಿ ಮುಂದೆ ಕೂರಿಸಿದ್ದಳು. "ನನ್ನ ಸೊಸಿ ಕೈ ನೋಡ್ರಿ ಇವತ್ತು. ಮೊದಲನೇ ಬಳಿ ನಾನ ಇಟ್ಟೀನಿ," ಎಂದು ಹತ್ತು ಸಲ ಹೇಳಿದ್ದಳು.

ಸೊಸೆ ಬಂದಳು. ಕೊಂಕಣದ ಕಡೆಗೆ ಕೈ ಚಾಚಿದಳು.

"ಎಲ್ಲೆವ ಗುರುಬಾಯಿ ಬಳಿ?" ಎಂದಳು ಒಬ್ಬಳು. "ಕೈ ಬೋಳ ಅವಲ್ಲ."

ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಕೆಲಸ ಮುಗಿಸಿ ಬಂದ ದೇವಾನಂದ ಬಾಗಿಲಲ್ಲಿ ನಿಂತು ಟಿವಿಯನ್ನೂ ನೋಡಿದ, ಅವ್ವನನ್ನೂ ನೋಡಿದ. ಗುರುಬಾಯಿ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನನ್ನ ಕೈ ತಾಗಬಾರದಿತ್ತು," ಎಂದಳು ಮೆಲ್ಲಗೆ.

ಬೆಳಗ್ಗೆ ತಾನು ಬೈದದ್ದಕ್ಕೆ ಸಂಜೆ ಅವಳು ಕೊಟ್ಟ ಉತ್ತರ ಇದು ಎಂದುಕೊಂಡ ದೇವಾನಂದ. ನನ್ನ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸಿಕೊಳ್ಳಲಿ, ಅವ್ವ ಇಟ್ಟ ಬಳೆ ತೆಗೆದುಬಿಟ್ಟಳಲ್ಲ... ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಹಿರಿಯರ ಕಾಲದಲ್ಲಿ ಟಿವಿ ಇರಲಿಲ್ಲ, ಮಾತು ಮಾತ್ರ ಟಿವಿಗೇ ಹೇಳಿಸಿದ ಹಾಗಿದೆ.

ಬುಧವಾರ ಬೆಳಗ್ಗೆ ಶಿವಕುಮಾರಿ ಫೋನು ಮಾಡಿದಳು. ಎತ್ತಲಿಲ್ಲ. ಮಧ್ಯಾಹ್ನ ಮಾಡಿದಳು. ಎತ್ತಲಿಲ್ಲ. ಸಂಜೆ ಆರಕ್ಕೆ ಫೋನು ಕೈಯಲ್ಲಿ ಹಿಡಿದು ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಳು. ವರ್ಷದಿಂದ ತಪ್ಪದ ಆರು ಗಂಟೆಯ ಫೋನು ಆ ದಿನವೂ ಬರಲಿಲ್ಲ.

ಒಂದು ಸ್ಲ್ಯಾಬಿಗೆ ಇಷ್ಟೊಂದು ಸಿಟ್ಟೇ... ಬಳೆ ತೊಟ್ಟ ಮೂರನೇ ದಿನಕ್ಕೇ ಹೀಗಾದರೆ ಮುಂದೆ ಹೇಗೆ? ತಪ್ಪು ನನ್ನದೇ. ಆದರೆ ತಪ್ಪಾಯಿತು ಎನ್ನಲಿಕ್ಕೂ ಬಿಡದಷ್ಟು ದೊಡ್ಡ ತಪ್ಪೇ ಅದು?

ಗುರುವಾರ ಎರಡು ಸಲ ಮಾಡಿದಳು. ಶುಕ್ರವಾರ ಮಾಡಲಿಲ್ಲ. ದಿನಾ ಸಂಜೆ ಹರಿಣಿ ಪಟ್ಟಿ ಸುತ್ತುತ್ತಿದ್ದಳು, ದಿನಾ ಸಂಜೆ ಟಿವಿಯಲ್ಲಿ ಬರಿಗೈ ಬೀಸುತ್ತಿತ್ತು. ಅವನು ಅದನ್ನು ನೋಡುತ್ತಿದ್ದ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮಗಳು ಉಣ್ಣದ್ದನ್ನು ಕಂಡು ಸಾಯಬಣ್ಣ ಪಕ್ಕದಲ್ಲಿ ಬಂದು ಕೂತ.

"ಸ್ಲ್ಯಾಬ್ ತೊಳಕೊಂಡು ಹೋದ್ರ ಒಡದು ಮತ್ತೊಂದು ಹಾಕ್ತಾರವ್ವ. ನಾ ಎಷ್ಟು ಕಂಡೀನಿ. ಅದಕ್ಕ ಮಾತು ಬಿಡೋ ಹುಡುಗ ಅಲ್ಲ ಅವ. ಬ್ಯಾರೆ ಏನೋ ಅದ."

"ಏನದ ಅಪ್ಪಾ?"

"ಅದು ನನಗ ಹ್ಯಾಂಗ ಗೊತ್ತಾಗಬೇಕು. ನಾ ಮೋಡ ಓದ್ತಿದ್ದೆ, ಮನಸ ಅಲ್ಲ."

ಶನಿವಾರ ಬೆಳಗ್ಗೆ ಶಿವಕುಮಾರಿ ಜೋಳದ ಹಿಟ್ಟು ನಾದುತ್ತಿದ್ದಳು. ಅಪ್ಪ ದವಾಖಾನೆಗೆ, ಅವ್ವ ಚನ್ನವ್ವ ನೀರಿನ ಸಾಲಿಗೆ ಹೋಗಿದ್ದರು. ಬಾಗಿಲಲ್ಲಿ ನೆರಳು ಬಿತ್ತು.

ಗುರುಬಾಯಿ. ಒಳಗೆ ಬಾರದೆ ಹೊಸ್ತಿಲಾಚೆಯೇ ನಿಂತಿದ್ದಳು.

"ಅತ್ತಿ..." ಶಿವಕುಮಾರಿಗೆ ಏಳಲೂ ಆಗಲಿಲ್ಲ. ಮೊಣಕೈವರೆಗೆ ಹಿಟ್ಟು.

"ಏಳಬ್ಯಾಡ ತಂಗಿ. ನಾ ಕುಂಡರ್ಲಾಕ ಬಂದಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನನ್ನ ಮಗ ನಿನಗ ಬೈದ್ನಂತ. ತಪ್ಪು ಅವಂದು. ನಿನ್ನ ಮನಸ ಮುರೀತು, ಬಳಿ ತಗದಿ. ನಿನ್ನ ಕೈ, ನಿನ್ನ ಇಚ್ಛಾ. ಆದ್ರ ಮೊದಲನೇ ಬಳಿ ನಾ ಇಟ್ಟಿದ್ನೆಲ್ಲ... ಅದರ ಚೂರು ಇದ್ರ ಕೊಡವ್ವ. ಯಾರರ ಕಾಲಾಗ ತುಳದಾಡಬಾರದು. ತುಳಸಿ ಬುಡಕ ಹಾಕ್ತೀನಿ."

ಶಿವಕುಮಾರಿಗೆ ಒಂದಕ್ಷರವೂ ತಿಳಿಯಲಿಲ್ಲ. ಗಾಬರಿಯಿಂದ ಹಿಟ್ಟಿನ ಪರಾತದ ಅಂಚು ಹಿಡಿದು ಎದ್ದಳು.

ಬಳೆ ಸದ್ದಾಯಿತು.

ಗುರುಬಾಯಿ ತಲೆ ಎತ್ತಿದಳು. ಆ ಸದ್ದು ಹೆಂಗಸರಿಗೆ ಹೇಳಿಕೊಡಬೇಕಾದ್ದಿಲ್ಲ. ಹೊಸ್ತಿಲು ದಾಟಿ ಬಂದು ಸೊಸೆಯ ಎರಡೂ ಕೈ ಹಿಡಿದು ಸೆರಗಿನಿಂದ ಹಿಟ್ಟು ಒರೆಸಿದಳು. ಹಿಟ್ಟಿನ ಕೆಳಗಿಂದ ಒಂದು ಹಸಿರು ಗೆರೆ ಬಂತು. ಮತ್ತೊಂದು. ಮತ್ತೊಂದು. ಗುರುಬಾಯಿ ಬೆರಳು ಹಚ್ಚಿ ಎಣಿಸುತ್ತ ಹೋದಳು. ಹನ್ನೊಂದು. ಆ ಕೈಗೂ ಹನ್ನೊಂದು.

"ಇವು... ಮತ್ತ ಟಿವಿದಾಗ ನಾ ಕಂಡದ್ದೇನು?"

ಆಗ ಶಿವಕುಮಾರಿಗೆ ಎಲ್ಲವೂ ಹೊಳೆಯಿತು. ನಾಲ್ಕು ದಿನದ ಮೌನ, ಎತ್ತದ ಫೋನು, ಎಲ್ಲವೂ. ಅತ್ತೆಯನ್ನು ಕೂರಿಸಿ, ಹಸಿರು ಪರದೆಯ ಕತೆಯನ್ನೂ ಮೈಬಣ್ಣದ ಪಟ್ಟಿಯ ಕತೆಯನ್ನೂ ಬಿಡಿಸಿ ಹೇಳಿದಳು.

"ಅಂದ್ರ ಹಸರು ಕಂಡ್ರ ಆ ಮಷಿನ್ ನುಂಗ್ತದೇನು?"

"ನುಂಗ್ತದ ಅತ್ತಿ. ನುಂಗಿ ಆ ಜಾಗಾದಾಗ ಸಮುದ್ರ ತೋರಸ್ತದ."

ಗುರುಬಾಯಿ ಸ್ವಲ್ಪ ಹೊತ್ತು ಆ ಮಷಿನ್ನಿನ ಮನೆತನವನ್ನು ಬಾಯಿ ತುಂಬ ಬೈದಳು. ಬೈಯುತ್ತ ಬೈಯುತ್ತ ಅತ್ತಳು. ತನ್ನ ಕೈ ಕೆಟ್ಟದ್ದಲ್ಲ ಎಂದು ಗೊತ್ತಾದ ಅಳು ಅದು. ನಾಲ್ಕು ದಿನ ಅವಳು ಆ ಕೈಯಿಂದ ದೀಪ ಹಚ್ಚಿರಲಿಲ್ಲ. ಶಿವಕುಮಾರಿ ಅವಳನ್ನು ತಬ್ಬಿಕೊಂಡಳು. ಇಬ್ಬರಿಗೂ ಹಿಟ್ಟಾಯಿತು.

"ಹೋಗಿ ಅವರಿಗಿ ಹೇಳ್ರಿ ಅತ್ತಿ. ನನ್ನ ಫೋನ್ ಎತ್ತಂಗಿಲ್ಲ."

"ನಾ ಹೇಳಂಗಿಲ್ಲ," ಎಂದಳು ಗುರುಬಾಯಿ, ಮೂಗು ಒರೆಸಿಕೊಂಡು. "ಹೇಳಿದ್ರ, ಅವ್ವ ರಾಜಿ ಮಾಡಸ್ಲಾಕ ಸುಳ್ಳು ಹೇಳ್ತಾಳ ಅಂತಾನ. ಕಣ್ಣಿಲೆ ಕಂಡು ಸಿಟ್ಟಾಗ್ಯಾನ. ಕಣ್ಣಿಲೆನ ಇಳೀಲಿ. ಇವತ್ತು ಆ ಪಟ್ಟಿ ಕಟ್ಟಬ್ಯಾಡ."

ಸಂಜೆ ಹರಿಣಿ ಪಟ್ಟಿ ಹಿಡಿದು ಬಂದಾಗ ಶಿವಕುಮಾರಿ ಕೈ ಹಿಂದಕ್ಕೆಳೆದುಕೊಂಡಳು.

"ಇವತ್ತೊಂದಿನ ಬ್ಯಾಡ ಅಕ್ಕಾ."

"ಎಂತ ಹೇಳ್ತಿ ನೀನು? ಕೈ ತುಂಡಾದ ಹಾಗೆ ಕಾಣ್ತದೆ. ಮೇಲಿನವರು ಕೇಳಿದರೆ ನಾನು ಎಂತ ಹೇಳುದು?"

ಶಿವಕುಮಾರಿ ಎರಡೇ ಮಾತಿನಲ್ಲಿ ನಡೆದದ್ದು ಹೇಳಿದಳು. ಹರಿಣಿ ಪಟ್ಟಿಯನ್ನು ನೋಡಿದಳು, ಬಳೆಗಳನ್ನು ನೋಡಿದಳು. ತನ್ನ ಕನ್ನಡಕ ತೆಗೆದು ಸೀರೆಯಿಂದ ಒರೆಸತೊಡಗಿದಳು.

"ಕನ್ನಡಕ ಇಲ್ಲದಿದ್ದರೆ ನನಗೆ ಏನೂ ಕಾಣುದಿಲ್ಲ," ಎಂದಳು. "ಮೂರು ನಿಮಿಷ ಒರೆಸ್ತೇನೆ. ಹೋಗು."

ಅತ್ತ ಗೋರೆಗಾಂವ್‌ನಲ್ಲಿ, ಏಳುತ್ತಿದ್ದ ಬಿಲ್ಡಿಂಗಿನ ಬುಡದಲ್ಲಿ, ಕೂಲಿಗಳ ತಗಡಿನ ಶೆಡ್ಡಿನಲ್ಲಿ ಒಂದು ಟಿವಿ. ಏಳಕ್ಕೆ ಅಲ್ಲಿ ನಲವತ್ತು ಜನ ಸೇರುತ್ತಾರೆ. ಮಂಗಳವಾರದ ಸ್ಲ್ಯಾಬು ಹೋದರೂ ಅವಳ ಮಾತು ಕೇಳುವುದನ್ನು ಅವರು ಬಿಟ್ಟಿರಲಿಲ್ಲ. ಬಿಟ್ಟವನ ಹಾಗೆ ನಟಿಸಿ ಬಾಗಿಲ ಮರೆಯಿಂದ ನೋಡುತ್ತಿದ್ದವನು ದೇವಾನಂದ ಒಬ್ಬನೇ. ಆ ದಿನ ಗುರುಬಾಯಿ ಅವನ ತೋಳು ಹಿಡಿದು ಎಳೆತಂದು ಎಲ್ಲರ ಮುಂದೆ ಕೂರಿಸಿದಳು.

"ನೋಡು. ಕೈ ನೋಡು."

"ಏನ್ ನೋಡ್ಲಿ ಅವ್ವ. ನಾಕು ದಿನ ನೋಡೀನಿ."

ಟಿವಿಯಲ್ಲಿ ಶಿವಕುಮಾರಿ ಬಂದಳು. ನಮಸ್ಕಾರ ಮಾಡಿದಳು. ಕರಾವಳಿಯ ಕಡೆಗೆ ಬಲಗೈ ಚಾಚಿದಳು.

ಶೆಡ್ಡಿನಲ್ಲಿ ಯಾರೋ ಉಸಿರೆಳೆದುಕೊಂಡರು. ಅವಳ ಮುಂಗೈ ಇರಲಿಲ್ಲ. ಅಂಗೈಗೂ ತೋಳಿಗೂ ನಡುವೆ ನಾಲ್ಕು ಬೆರಳು ಅಗಲದ ಸಮುದ್ರ ಹರಿಯುತ್ತಿತ್ತು. ಕೈ ಆಡಿಸಿದಂತೆಲ್ಲ ಅದರೊಳಗೆ ರತ್ನಾಗಿರಿ ಬಂತು, ಮೋಡ ಬಂತು, ಮತ್ತೆ ನೀಲಿ ನೀರು ಬಂತು.

"ಕೈಗಿ ಏನಾತು ಆಕಿಗಿ?" ದೇವಾನಂದ ಎದ್ದೇ ನಿಂತಿದ್ದ. ನಾಲ್ಕು ದಿನದ ಸಿಟ್ಟು ಎಲ್ಲಿ ಹೋಯಿತೋ, ಅವನ ದನಿಯಲ್ಲಿ ಬರೀ ಹೆದರಿಕೆಯಿತ್ತು.

"ಕುಂಡ್ರು. ಏನೂ ಆಗಿಲ್ಲ." ಗುರುಬಾಯಿ ಇಡೀ ಶೆಡ್ಡಿಗೆ ಕೇಳುವ ಹಾಗೆ ಹೇಳಿದಳು. "ಆಕಿ ಹಿಂದ ಹಸರು ಪಡದೆ ಇರ್ತದ. ಮಷಿನ್ನು ಹಸರು ಕಂಡದ್ದೆಲ್ಲ ನುಂಗಿ ನಕಾಶಿ ತೋರಸ್ತದ. ಆಕಿ ಕೈಯಾಗ ಸಮುದ್ರ ಎಲ್ಲಿ ಕಾಣ್ತದೋ ಅಲ್ಲಿ ನಮ್ಮ ಬಳಿ ಅವ. ಮುಂಜಾನಿ ನನ್ನ ಕೈಲೆ ಎಣಸಿ ಬಂದೀನಿ. ಹನ್ನೊಂದು ಹನ್ನೊಂದು. ಒಂದೂ ತಗದಿಲ್ಲ. ನಾಕು ದಿನ ಪಟ್ಟಿ ಕಟಗೊಂಡು ನಿಂತಿದ್ಳು, ನಿನ್ನಂಥ ಶ್ಯಾಣ್ಯಾ ಬೋಳ ಕೈ ಅಂತ ತಿಳಕೊಂಡ."

ದೇವಾನಂದ ಪರದೆಯನ್ನೇ ನೋಡಿದ. ಅವಳು ನಾಳೆಯ ಮಾತು ಹೇಳುತ್ತಿದ್ದಳು. ದನಿ ಎಂದಿನಂತೆಯೇ ಇತ್ತು, ಕಣ್ಣಿನ ಕೆಳಗೆ ಮಾತ್ರ ಪೌಡರ್ ಮುಚ್ಚಲಾಗದ ಕಪ್ಪು. ನಾಲ್ಕು ದಿನ ಅವಳ ಕೈ ನೋಡಿದ್ದ, ಮುಖ ನೋಡಿರಲಿಲ್ಲ.

ಅವನು ಹೆಲ್ಮೆಟ್ಟು ಹಿಡಿದುಕೊಂಡೇ ಸ್ಟೇಷನ್ನಿನ ಕಡೆ ಓಡಿದ.

ಶಿವಕುಮಾರಿ ಗೇಟಿನ ಹೊರಗೆ ಬಂದಾಗ ಇನ್ನೂ ಎಂಟಾಗಿರಲಿಲ್ಲ. ಅವನು ಕಳೆದ ವರ್ಷ ನಿಂತಿದ್ದ ಜಾಗದಲ್ಲೇ ನಿಂತಿದ್ದ, ಅದೇ ಹಳದಿ ಹೆಲ್ಮೆಟ್ಟು, ಅದೇ ಸಿಮೆಂಟಿನ ಅಂಗಿ. ಕಣ್ಣಲ್ಲಿ ಕೆಂಡವಿರಲಿಲ್ಲ, ನೀರಿತ್ತು.

ಅವಳು ಹತ್ತಿರ ಹೋಗಲಿಲ್ಲ. ನಾಲ್ಕು ದಿನದ ನೋವು ಒಂದು ನೋಟಕ್ಕೆ ಕರಗುವಷ್ಟು ಅಗ್ಗವಲ್ಲ.

"ಫೋನ್ ಎತ್ತಿದ್ರ ನಾಕು ದಿನ ಉಳೀತಿದ್ವು," ಎಂದಳು.

"ಹೌದು."

"ಅತ್ತಿ ದೀಪ ಹಚ್ಚೂದು ಬಿಡೂ ಹಂಗ ಮಾಡಿದ್ರಿ."

"ಹೌದು." ಅವನು ನೆಲ ನೋಡಲಿಲ್ಲ, ಅವಳನ್ನೇ ನೋಡಿದ. "ಅವ್ವ ಕೈ ಮುಚಗೊಂಡಳು, ಶಿವಿ. ಅದನ್ನ ಕಂಡ ಮ್ಯಾಲ ನನಗ ಬ್ಯಾರೆ ಏನೂ ಕಾಣಲಿಲ್ಲ. ಕೇಳಬೇಕಿತ್ತು. ಒಂದು ಮಾತು ಕೇಳಬೇಕಿತ್ತು. ಸ್ಲ್ಯಾಬಿಗಿ ಬೈದದ್ದೂ ತಪ್ಪು. ಮಳಿ ನಿನ್ನ ಕೈಯಾಗ ಇಲ್ಲ."

ಈಗ ಶಿವಕುಮಾರಿಯ ಸರದಿ.

"ಮಳಿ ನನ್ನ ಕೈಯಾಗ ಇಲ್ಲ. ಮಾತು ಇತ್ತು," ಎಂದಳು. "ಸೋಮವಾರ ಹತ್ತರಾಗ ಎರಡು ಇತ್ತು. ನಾ ಸೊನ್ನಿ ಅಂದೆ. ನೀವು ಖುಷಿಲೆ ಕೇಳಿದ್ರಿ, ನಾ ಖುಷಿಲೆ ಆ ಎರಡು ನುಂಗಿಬಿಟ್ಟೆ. ಆ ಮಷಿನ್ ಬಳಿ ನುಂಗಿದಂಗ."

ರಸ್ತೆಯಲ್ಲಿ ರಿಕ್ಷಾಗಳು ಹಾರ್ನ್ ಹೊಡೆಯುತ್ತ ಹೋದವು.

"ಇನ್ನ ಮ್ಯಾಲ ನುಂಗಬ್ಯಾಡ," ಎಂದ ಕೊನೆಗೆ. "ಎರಡು ಇದ್ರ ಎರಡು ಹೇಳು. ಸ್ಲ್ಯಾಬ್ ಮುಚ್ಚಲಾಕ ತಾಡಪತ್ರಿ ತಯಾರ ಇಟಗೋತೀನಿ."

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಕಣ್ಣೀರೂ ಬಂತು. ಅವನು ಮುಂದೆ ಬಂದು ಅವಳ ಕೈ ಹಿಡಿದು, ಬೀದಿ ದೀಪದ ಬೆಳಕಿಗೆ ತಿರುಗಿಸಿದ. ಹನ್ನೊಂದು ಹಸಿರು ಬಳೆ. ಬೆರಳಿಂದ ಮೊದಲನೆಯದನ್ನು ಮುಟ್ಟಿದ, ಅವ್ವ ಇಟ್ಟದ್ದನ್ನು.

"ನಾಳಿ ಎಷ್ಟು?" ಎಂದು ಕೇಳಿದ.

"ಹತ್ತರಾಗ ಆರು."

"ಮತ್ತ ನಂದು ನಿಂದು?"

ಅವಳು ನಿಜವಾಗಿಯೂ ಯೋಚಿಸಿದಳು. ಪ್ರೀತಿಗಾಗಿ ಒಮ್ಮೆ ಲೆಕ್ಕ ತಪ್ಪಿಸಿದ್ದಳು. ಮತ್ತೊಮ್ಮೆ ತಪ್ಪಿಸುವುದಿಲ್ಲ.

"ಹತ್ತರಾಗ ಒಂಬತ್ತು."

"ಆ ಒಂದು ಎಲ್ಲಿ ಹೋತು?"

ಶಿವಕುಮಾರಿ ಬ್ಯಾಗಿನಿಂದ ಫೋನು ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು, ಅವನ ಹೆಸರು ಒತ್ತಿದಳು.

ದೇವಾನಂದನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎರಡನೇ ಸಲ ಬಡಿಯಲು ಬಿಡದೆ ಅವನು ಎತ್ತಿ ಕಿವಿಗೆ ಹಿಡಿದ.

"ಹೇಳು ಶಿವಿ."

"ಹತ್ತರಾಗ ಹತ್ತು," ಎಂದಳು ಅವಳು.